ಊರು ಉಳಿಯುವುದೆಂದರೆ

ಹಳೆಯ ಊರೊಂದನ್ನು ನೋಡಲು ಹೋಗುವವರು ಅದರ ಚಿತ್ರವನ್ನು ಮೊದಲೇ ಮನಸ್ಸಿನಲ್ಲಿ ಬರೆದುಕೊಂಡಿರುತ್ತಾರೆ: ಕಲ್ಲಿನ ಕಟ್ಟೆ, ಅರಳಿಮರ, ಸೇದುವ ಬಾವಿ, ಗುಡಿಯ ಗಂಟೆ. ಹೊರನಾಡಿನಲ್ಲಿರುವ ನಮ್ಮಂಥವರಿಗೆ ಈ ಚಿತ್ರದ ಮೋಹ ತುಸು ಹೆಚ್ಚು. ಕೇಂದ್ರ ಸರ್ಕಾರದ ನೌಕರಿಯಲ್ಲಿ ವರ್ಗಾವಣೆಯಿಂದ ವರ್ಗಾವಣೆಗೆ ಸಾಗುತ್ತ ಪುಣೆಗೆ ಬಂದ ನಾವು ರಾಂಜಣಗಾಂವಕ್ಕೆ ಹೊರಟದ್ದೂ ಅದನ್ನೇ ಅರಸಿ.

ಪುಣೆಯಿಂದ ಅಹಿಲ್ಯಾನಗರದ ಹೆದ್ದಾರಿಯಲ್ಲಿ ಸುಮಾರು 50 ಕಿ.ಮೀ. ಕ್ರಮಿಸಿದರೆ ಶಿರೂರು ತಾಲೂಕಿನ ಈ ಊರು. ಮರಾಠಿಯ ‘ರಾಂಜಣ’ವೆಂದರೆ ನಮ್ಮ ಗುಡಾಣ, ನೀರು ತುಂಬಿಡುವ ದೊಡ್ಡ ಮಣ್ಣಿನ ಪಾತ್ರೆ. ಸಮೀಪದ ನಿಘೋಜದಲ್ಲಿ ಕುಕಡಿ ನದಿಯು ಕರಿಗಲ್ಲನ್ನು ಕೊರೆದು ಮಾಡಿರುವ ಕುಳಿಗಳನ್ನೂ ಜನ ಇದೇ ಹೆಸರಿನಿಂದ ಕರೆಯುತ್ತಾರೆ. ರಾಂಜಣಗಾಂವದ ಮಹಾಗಣಪತಿ ಅಷ್ಟವಿನಾಯಕರಲ್ಲಿ ಒಬ್ಬ. ತ್ರಿಪುರಾಸುರನ ಸಂಹಾರಕ್ಕೆ ಮುನ್ನ ಶಿವನೇ ಇಲ್ಲಿ ಮಗನನ್ನು ಪೂಜಿಸಿದನೆಂಬುದು ಸ್ಥಳಪುರಾಣ. ಗುಡಿ ಪೂರ್ವಾಭಿಮುಖ, ದಕ್ಷಿಣಾಯನದ ಎಳೆಬಿಸಿಲು ವಿಗ್ರಹದ ಮೇಲೆ ಬೀಳುವಂತೆ ಕಟ್ಟಿದ್ದಾರೆಂದು ಹೇಳುತ್ತಾರೆ.

ವಿಗ್ರಹದ ಕೆಳಗೆ ಕೋಣೆಯೊಂದನ್ನು ಕಟ್ಟಿಸಿದವನು ಪೇಶ್ವೆ ಮಾಧವರಾಯ. 1764ರಲ್ಲಿ ರಟ್ಟೀಹಳ್ಳಿಯಲ್ಲಿ ಹೈದರಾಲಿಯನ್ನು ಸೋಲಿಸಿದವನೆಂದು ನಮ್ಮ ಕಡೆಯ ಚರಿತ್ರೆ ಅವನನ್ನು ಬಲ್ಲದು. ಇಲ್ಲಿಯವರಿಗೆ ಅವನು ಗಣಪತಿಯ ಭಕ್ತ. 1772ರಲ್ಲಿ, 27ನೆಯ ವಯಸ್ಸಿನಲ್ಲಿ, ಇನ್ನೊಂದು ಅಷ್ಟವಿನಾಯಕ ಕ್ಷೇತ್ರವಾದ ಥೇವೂರಿನಲ್ಲಿ ಪ್ರಾಣಬಿಟ್ಟವನು.

ಗುಡಿಯಿಂದ ಹೊರಬಂದರೆ ನಾವು ಹೊತ್ತು ತಂದ ಚಿತ್ರ ಅಲ್ಲಿಗೇ ಮುಗಿಯುತ್ತದೆ. ತೊಂಬತ್ತರ ದಶಕದಿಂದೀಚೆಗೆ ಬೆಳೆದ ಕೈಗಾರಿಕಾ ವಸಾಹತಿನಲ್ಲಿ ಫಿಯೆಟ್, ಎಲ್‌ಜಿ, ವರ್ಲ್‌ಪೂಲ್ ಕಾರ್ಖಾನೆಗಳಿವೆ. ಜೋಳದ ಹೊಲದ ಪಕ್ಕದಲ್ಲೇ ಬಾಡಿಗೆಯ ಕೋಣೆಗಳ ಸಾಲು. ಪಾಳಿ ಬದಲಾಗುವ ಹೊತ್ತಿಗೆ ಬೀದಿಯಲ್ಲಿ ಹಲವು ನುಡಿಗಳು. ಚಹದಂಗಡಿಯಲ್ಲಿ ನಮ್ಮ ಮಾತು ಕೇಳಿ ಹತ್ತಿರ ಬಂದ ಯುವಕನೊಬ್ಬ ಇಂಡಿ ತಾಲೂಕಿನವನು. ನಿಮ್ಮೂರು ಹೇಗಿದೆಯೆಂದು ವಿಚಾರಿಸಿದೆವು. “ಮನಿ ಅದಾವ್ರಿ, ಮಂದೀನ ಇಲ್ರಿ. ಜಾತ್ರಿಗೆ ಹೋದಾಗ ಊರು ಊರಿನಂಗ ಕಾಣ್ತೈತ್ರಿ” ಎಂದ.

ಅವನ ಮಾತು ಗ್ರೀಸ್ ದೇಶದ ಕಾರ್ಪಥೊಸ್ ದ್ವೀಪದ ಬಗ್ಗೆ ಓದಿದ್ದನ್ನು ನೆನಪಿಗೆ ತಂದಿತು. ಅಲ್ಲಿಯ ಒಲಿಂಪೊಸ್ ಎಂಬ ಬೆಟ್ಟದ ಹಳ್ಳಿ ಬಹುಕಾಲ ಹೊರಜಗತ್ತಿನಿಂದ ದೂರವಿದ್ದುದರಿಂದ ಹಳೆಯ ಉಡುಗೆಯನ್ನೂ ಪ್ರಾಚೀನ ಗ್ರೀಕಿನ ಕೆಲವು ಶಬ್ದಗಳನ್ನೂ ಉಳಿಸಿಕೊಂಡಿತು. ಆದರೆ ಅಲ್ಲಿಯ ಜನರಲ್ಲಿ ಅನೇಕರು ದುಡಿಮೆಗಾಗಿ ಪಿರೇಯಸ್ ಬಂದರಿಗೆ, ಅಮೆರಿಕದ ಬಾಲ್ಟಿಮೋರಿಗೆ ಹೊರಟುಹೋದರು. ಆಗಸ್ಟ್ 15ರ ಮೇರಿಮಾತೆಯ ಹಬ್ಬಕ್ಕೆ ಅವರು ಮರಳಿದಾಗ ಬೀದಿಗಳು ಮತ್ತೆ ತುಂಬುತ್ತವೆ. ಪ್ರವಾಸಿಗೆ ಕಾಣುವುದು ಪರಂಪರೆ. ಊರಿನವನಿಗೆ ಅದು ಬೀಗ ತೆಗೆದ ಮನೆ.

ಈ ಕಣ್ಣಿನಿಂದ ನೋಡಿದರೆ ರಾಂಜಣಗಾಂವದ ಗದ್ದಲವನ್ನು ದೂರುವುದು ಕಷ್ಟ. ಅದರ ಮುಖ ಬದಲಾಗಿದೆ, ಹೊಲಗಳು ಕರಗಿವೆ. ಆದರೂ ಸಂಜೆಯಾದರೆ ಮನೆಗಳಲ್ಲಿ ದೀಪ ಉರಿಯುತ್ತದೆ, ಗುಡಿಯ ಮುಂದೆ ಮಕ್ಕಳು ಆಡುತ್ತಾರೆ. ಇಂಡಿಯ ಆ ಹಳ್ಳಿ ನಾವು ಹುಡುಕುವ ಚಿತ್ರಕ್ಕೆ ಹೆಚ್ಚು ಹತ್ತಿರವಿರಬಹುದು. ಅದು ಹಾಗೆ ಉಳಿದಿರುವುದಕ್ಕೆ ಅದರ ಮಕ್ಕಳು ತೆತ್ತ ಬೆಲೆ ಈ ಬಾಡಿಗೆಯ ಕೋಣೆ.

ಹೊರನಾಡಿನ ಕನ್ನಡಿಗರು ತಮ್ಮೂರಿನ ಗುಡಿಯ ಜೀರ್ಣೋದ್ಧಾರಕ್ಕೆ ತಪ್ಪದೆ ಕಾಣಿಕೆ ಕಳುಹಿಸುತ್ತೇವೆ. ಕಳುಹಿಸೋಣ. ಜೊತೆಗೆ ಊರಿನ ಶಾಲೆಗೆ ಈ ವರ್ಷ ಎಷ್ಟು ಮಕ್ಕಳು ಸೇರಿದರೆಂದೂ ಒಮ್ಮೆ ವಿಚಾರಿಸೋಣ.