ಕುದುರೆಗೆ ಆಪ್ತರು ಯಾರು?

ಕನ್ನಡದ ಶಾಸ್ತ್ರಸಾಹಿತ್ಯದಲ್ಲಿ ಪ್ರಾಣಿವೈದ್ಯವನ್ನು ಕುರಿತು ಬರೆದವರ ಹೆಸರುಗಳನ್ನು ಜೋಡಿಸುತ್ತ ಹೋದರೆ ಜೈನರ ಸಾಲು ಎದ್ದು ಕಾಣುತ್ತದೆ. 12ನೆಯ ಶತಮಾನದ ಮೊದಲ ಭಾಗದಲ್ಲಿ ಚಾಲುಕ್ಯ ರಾಜಕುಮಾರ ಕೀರ್ತಿವರ್ಮ ‘ಗೋವೈದ್ಯ’ವನ್ನು ರಚಿಸಿದನು. ಸುಮಾರು 1400ರಲ್ಲಿ ಅಭಿನವಚಂದ್ರನು ‘ಅಶ್ವವೈದ್ಯ’ವನ್ನು ಬರೆದನು. 1627ರಲ್ಲಿ, ಮೈಸೂರಿನ ಚಾಮರಾಜ ಒಡೆಯರ ಕಾಲಕ್ಕೆ, ಪದ್ಮಣ ಪಂಡಿತನ ‘ಹಯಸಾರ ಸಮುಚ್ಚಯ’ ಸಿದ್ಧವಾಯಿತು. ಸಾಹಿತ್ಯಚರಿತ್ರೆಗಳಲ್ಲಿ ಇವರಿಗೆ ದೊರೆತದ್ದು ಒಂದೆರಡು ಸಾಲು ಮಾತ್ರ. ಕಾವ್ಯವಲ್ಲವೆಂದು ವಿಮರ್ಶಕರು ಬಿಟ್ಟರು, ವಿಜ್ಞಾನವಲ್ಲವೆಂದು ಪಶುವೈದ್ಯರು ಬಿಟ್ಟರು.

ಈ ಗ್ರಂಥಗಳ ಮಾತು ಬಂದಾಗಲೆಲ್ಲ ವಿದ್ಯಾರ್ಥಿಗಳಿಂದ ಒಂದು ಪ್ರಶ್ನೆ ಬರುತ್ತದೆ: ಇದರಲ್ಲಿ ಹೇಳಿದ ಮದ್ದು ಈಗಲೂ ನಾಟುತ್ತದೆಯೆ? ನಾವು ಸಂಶೋಧಕರು ಇದನ್ನು ಪಾಠಾಂತರ, ಕಾಲನಿರ್ಣಯಗಳ ಕಡೆಗೆ ತಿರುಗಿಸಿ ಜಾರಿಕೊಳ್ಳುತ್ತೇವೆ. ಕುದುರೆ ಎದುರಿಗೆ ನರಳುತ್ತಿರುವಾಗ ಹಾಗೆ ಜಾರಿಕೊಳ್ಳಲು ಬರುವುದಿಲ್ಲ.

ಮದ್ದೂರು ತಾಲ್ಲೂಕಿನ ಆರೆತಿಪ್ಪೂರು ಜೈನ ಅವಶೇಷಗಳ ಊರು. ಅಲ್ಲಿನ ಬೆಟ್ಟದ ಗೊಮ್ಮಟನನ್ನೂ ಸುತ್ತಲಿನ ಬಸದಿಗಳ ಅವಶೇಷಗಳನ್ನೂ ನೋಡಲು ಹೋದ ಒಂದು ಸಲ, ಹತ್ತಿರದ ಹಳ್ಳಿಯೊಂದರಲ್ಲಿ ರಾತ್ರಿ ತಂಗಬೇಕಾಯಿತು. ಆ ಮನೆಯ ಹಿರಿಯರು ಒಂದು ಕಾಲಕ್ಕೆ ಮದ್ದೂರಿನಲ್ಲಿ ಜಟಕಾ ಹೊಡೆದವರು. ಈಗ ಮಗ ಮದುವೆ ಮೆರವಣಿಗೆಗೆಂದು ಒಂದು ಬಿಳಿಯ ಹೆಣ್ಣುಕುದುರೆಯನ್ನು ಸಾಕಿದ್ದ. ಸಂಜೆಯಿಂದಲೇ ಅದು ನೆಲ ಕೆರೆಯುತ್ತ, ಮತ್ತೆ ಮತ್ತೆ ಕತ್ತು ತಿರುಗಿಸಿ ಹೊಟ್ಟೆಯನ್ನು ನೋಡಿಕೊಳ್ಳುತ್ತ, ಮಲಗಿ ಹೊರಳುತ್ತ ಇತ್ತು. ಶೂಲೆ ಎಂಬುದು ಹಿರಿಯರಿಗೆ ತಿಳಿಯಿತು. ಮಗ ಓಮ, ಇಂಗು, ಶುಂಠಿ, ಬೆಲ್ಲಗಳ ಕಷಾಯ ಕಾಯಿಸಿ, ಹರಳೆಣ್ಣೆ ಬೆರೆಸಿ, ಸುತ್ತ ಹತ್ತು ಊರಿಗೆ ದನದ ಮದ್ದಿನಲ್ಲಿ ಹೆಸರಾದ ನಾಟಿ ವೈದ್ಯರೊಬ್ಬರನ್ನು ಬೈಕಿನಲ್ಲಿ ಕರೆತಂದ. ಅವರು ಬಿದಿರಿನ ಗೊಟ್ಟವನ್ನೂ ಜೊತೆಗೇ ತಂದಿದ್ದರು.

ವೈದ್ಯರು ಕುದುರೆಯ ಕಿವಿ ಮುಟ್ಟಿ ನೋಡಿದರು. ಪಕ್ಕೆಗೆ ಕಿವಿಯಿಟ್ಟು ಬಹಳ ಹೊತ್ತು ಆಲಿಸಿದರು. ಲದ್ದಿ ಹಾಕಿ ಎಷ್ಟು ಹೊತ್ತಾಯಿತೆಂದು ಕೇಳಿದರು. ಆಮೇಲೆ ಗೊಟ್ಟವನ್ನು ಗೋಡೆಗೆ ಒರಗಿಸಿ, “ಇದು ದನ ಅಲ್ಲ ಕನಪ್ಪ. ದನದ ಹೊಟ್ಟೆ ನಂಗೊತ್ತು, ಕುದ್ರೆ ಹೊಟ್ಟೆ ಗೊತ್ತಿಲ್ಲ. ಬಾಯಿಗೆ ಏನೂ ಉಯ್ಬೇಡ, ಮೆಲ್ಲಗೆ ನಡ್ಸಾಡ್ತಿರು, ಡಾಕ್ಟ್ರಿಗೆ ಫೋನ್ ಮಾಡು ಮಗ” ಎಂದರು. ಮಗನಿಗೆ ಅಸಮಾಧಾನವೇ ಆಯಿತು. ಕಾಯಿಸಿದ ಕಷಾಯ ಒಲೆಯ ಪಕ್ಕದಲ್ಲಿ ಆರಿತು.

ರಾತ್ರಿ ಹತ್ತರ ಹೊತ್ತಿಗೆ ಬಂದ ಪಶುವೈದ್ಯರೂ ನಿತ್ಯ ನೋಡುವುದು ಹಸು, ಎಮ್ಮೆ, ಕುರಿಗಳನ್ನೇ. ಅದನ್ನು ಅವರು ಎಲ್ಲರೆದುರಿಗೇ ಹೇಳಿದರು. ಬೆಂಗಳೂರಿನಲ್ಲಿ ಕುದುರೆಗಳಿಗೇ ಚಿಕಿತ್ಸೆ ಮಾಡುವ ಸಹಪಾಠಿಯೊಬ್ಬರಿಗೆ ಎರಡು ಸಲ ಫೋನ್ ಮಾಡಿ ಕೇಳಿಕೊಂಡು, ಮೂಗಿನ ಹೊಳ್ಳೆಯಿಂದ ಜಠರಕ್ಕೆ ಕೊಳವೆ ಇಳಿಸಿದರು, ನೋವಿಗೆ ಚುಚ್ಚುಮದ್ದು ಕೊಟ್ಟರು. ಬೆಳಗಿನ ಜಾವಕ್ಕೆ ಕುದುರೆ ಲದ್ದಿ ಹಾಕಿತು.

ಅಂದು ನಾಟಿ ವೈದ್ಯರು ಮಾಡಿದ ಚಿಕಿತ್ಸೆಯೆಂದರೆ ಚಿಕಿತ್ಸೆ ಮಾಡದೆ ಇದ್ದದ್ದು. ಅದರ ಬೆಲೆ ನನಗೆ ಪೂರ್ತಿ ತಿಳಿದದ್ದು ಪಶುವೈದ್ಯರ ಮಾತಿನಿಂದ. ಹಸುವಿನ ಹೊಟ್ಟೆ ನಾಲ್ಕು ಕೋಣೆಗಳದು. ಹೊಟ್ಟೆಯುಬ್ಬರಕ್ಕೆ ಗೊಟ್ಟದಲ್ಲಿ ಎಣ್ಣೆ ಕುಡಿಸಿದರೆ ಅದು ಮೊದಲ ಕೋಣೆಗೆ ಹೋಗಿ ನೊರೆಯನ್ನು ಒಡೆಯುತ್ತದೆ. ಇದು ಅನುಭವದಿಂದ ಬಂದ, ಪಶುವೈದ್ಯ ಶಾಸ್ತ್ರವೂ ಒಪ್ಪುವ ಮದ್ದು. ಕುದುರೆಯ ಜಠರ ದೇಹದ ಗಾತ್ರಕ್ಕೆ ಬಹಳ ಚಿಕ್ಕದು, ಸುಮಾರು 8ರಿಂದ 15 ಲೀಟರು. ಅನ್ನನಾಳ ಜಠರವನ್ನು ಸೇರುವಲ್ಲಿನ ಸ್ನಾಯು ಎಷ್ಟು ಬಿಗಿಯೆಂದರೆ ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ. ಕೆಳಗೆ ಕರುಳು ಕಟ್ಟಿರುವಾಗ ಮೇಲಿನಿಂದ ಸುರಿಯುತ್ತ ಹೋದರೆ ಜಠರ ಒಡೆದೀತು. ತಲೆಯನ್ನು ಎತ್ತಿ ಹಿಡಿದು ಎಣ್ಣೆ ಹೊಯ್ದರೆ ಅದು ಶ್ವಾಸನಾಳಕ್ಕೆ ಇಳಿದು ಪುಪ್ಪುಸ ಕೆಟ್ಟೀತು. ಅದೇ ಮದ್ದು, ಅದೇ ಗೊಟ್ಟ, ಅದೇ ಕೈ. ಹಸುವಿಗೆ ಜೀವದಾನವಾದದ್ದು ಕುದುರೆಗೆ ಮರಣವಾಗಬಹುದು.

ಆದುದರಿಂದ ‘ನಾಟಿ ವೈದ್ಯವನ್ನು ನಂಬಬೇಕೆ, ಇಂಗ್ಲಿಷ್ ವೈದ್ಯವನ್ನು ನಂಬಬೇಕೆ’ ಎಂಬ ಪ್ರಶ್ನೆಯನ್ನು ಹಾಗೆ ಕೇಳುವುದೇ ಸರಿಯಲ್ಲವೆಂದು ನನ್ನ ಅಭಿಪ್ರಾಯ. ಈ ವೈದ್ಯನ ಅನುಭವ ಈ ಪ್ರಾಣಿಯ ಮೇಲೆ ಬೆಳೆದದ್ದೆ, ಅದನ್ನೇ ಮೊದಲು ವಿಚಾರಿಸಬೇಕು. ಆಧುನಿಕ ಔಷಧಕ್ಕೂ ಈ ಮಾತು ಅನ್ವಯಿಸುತ್ತದೆ. ದನದ ಆಹಾರದಲ್ಲಿ ಬೆರೆಸುವ ಮೊನೆನ್ಸಿನ್ ಎಂಬ ಔಷಧ ದನಕ್ಕೆ ಹಿತ, ಕುದುರೆಯ ಹೃದಯಕ್ಕೆ ವಿಷ.

ಮಂಡ್ಯ ಸೀಮೆಗೆ ಈ ವಿಚಾರ ವಿಶೇಷವಾಗಿ ಸಲ್ಲುತ್ತದೆ. ಇದು ಹಳ್ಳಿಕಾರ್ ಎತ್ತುಗಳ, ಹಾಲಿನ ಡೈರಿಗಳ ನಾಡು. ಇಲ್ಲಿನ ನಾಟಿ ವೈದ್ಯರ ದನದ ಅರಿವು ಇಂದಿಗೂ ಬಳಕೆಯಲ್ಲಿರುವ ಅರಿವು. ನಿತ್ಯ ಪರೀಕ್ಷೆಗೆ ಒಳಗಾಗಿ ತಪ್ಪಿದರೆ ತಿದ್ದಿಕೊಳ್ಳುವ ಅವಕಾಶ ಅದಕ್ಕುಂಟು. ಕೆಚ್ಚಲು ಬಾವಿಗೆ ಲೋಳೆಸರ, ಅರಿಸಿನ, ಸುಣ್ಣಗಳ ಲೇಪವನ್ನು ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯೇ ಪ್ರಚಾರ ಮಾಡುತ್ತಿರುವುದು ಈ ಬಗೆಯ ಅರಿವಿಗೆ ಸಂದ ಮನ್ನಣೆ. ಕುದುರೆಯ ಕಥೆ ಬೇರೆ. 1799ರ ಮಾರ್ಚ್ 27ರಂದು ಮಳವಳ್ಳಿಯ ಬಯಲಿನಲ್ಲಿ ಟಿಪ್ಪುವಿನ ಅಶ್ವಬಲ ಕಂಪನಿಯ ಸೇನೆಯ ಮೇಲೆ ಏರಿಹೋದಾಗ, ಆ ಕುದುರೆಗಳ ಹಿಂದೆ ಲಾಯದವರು, ಲಾಳ ಕಟ್ಟುವವರು, ಮದ್ದು ಬಲ್ಲವರು ಇದ್ದೇ ಇದ್ದಿರಬೇಕು. ಶ್ರೀರಂಗಪಟ್ಟಣದ ಪತನದೊಡನೆ ಆ ಲಾಯಗಳು ಚದುರಿದವು. ಉಳಿದ ಅಲ್ಪಸ್ವಲ್ಪ ತಿಳಿವಳಿಕೆ ಜಟಕಾದವರ ಕೈಗೆ ಬಂದು, ಆಟೋಗಳು ಬಂದ ಮೇಲೆ ಅಲ್ಲಿಯೂ ನಿಂತಿತು. ಮದ್ದೂರಿನಿಂದ ಉತ್ತರಕ್ಕೆ ಹೋಗುವ ರಸ್ತೆಯಲ್ಲಿ ಸಿಗುವ ಕುಣಿಗಲ್ಲಿನ ಕುದುರೆ ಫಾರಂನಲ್ಲಿ ಅಶ್ವಜ್ಞಾನ ಇದೆ, ನಿಜ. ಆದರೆ ಅದು ರೇಸಿನ ಕುದುರೆಗಳ ಲೋಕ. ಮೆರವಣಿಗೆಯ ಕುದುರೆಯವನು ಅದರ ಬಾಗಿಲು ತಟ್ಟುವುದು ಕಡಮೆ. ಇಂತಹ ಕಡೆ ಯಾರಾದರೂ ‘ನಮ್ಮ ವಂಶದ ಕುದುರೆ ಮದ್ದು’ ಎಂದರೆ, ಅವರು ಕಳೆದ ವರ್ಷ ಎಷ್ಟು ಕುದುರೆ ನೋಡಿದರೆಂದು ಕೇಳುವುದು ಅವಿನಯವಲ್ಲ.

ಹಳೆಯ ಜಟಕಾದ ಹಿರಿಯರು ಆ ರಾತ್ರಿ ಇನ್ನೊಂದು ಕುದುರೆಯ ಮಾತು ಹೇಳಿದರು. ಮಳವಳ್ಳಿಯ ಕಡೆಯದು. ಗೊರಸಿಗೆ ಮೊಳೆ ಹೊಕ್ಕು, ಕೆಲವು ದಿನಗಳಲ್ಲಿ ಅದರ ಕತ್ತು ಮರದಂತೆ ಸೆಟೆಯಿತು. ‘ಗಾಳಿ’ ಎಂದು ಯಾರೋ ಕತ್ತಿಗೆ ಬರೆ ಹಾಕಿದರು. ಮೂರು ದಿನ ಬರೆಯ ಮೇಲೆ ಬರೆ, ನಾಲ್ಕನೆಯ ದಿನ ಕುದುರೆ ಇಲ್ಲ. ಅದು ಧನುರ್ವಾಯುವೆಂದು ಕೇಳಿದವರಿಗೆ ಹೊಳೆಯುತ್ತದೆ. ಸಾಕುಪ್ರಾಣಿಗಳಲ್ಲಿ ಆ ರೋಗಕ್ಕೆ ಕುದುರೆಯಷ್ಟು ಬೇಗ ತುತ್ತಾಗುವುದು ಇನ್ನೊಂದಿಲ್ಲ, ಮೊದಲೇ ಲಸಿಕೆ ಹಾಕಿಸಿದ್ದರೆ ತಡೆಯಬಹುದಾದದ್ದೂ ಹೌದು. ಬರೆ ಹಾಕಿದವನು ದುಷ್ಟನೇನೂ ಅಲ್ಲ, ಹಣವನ್ನೂ ಮುಟ್ಟಲಿಲ್ಲವಂತೆ.

ನಂಬಿಕೆಯ ಪ್ರಶ್ನೆಯನ್ನು ನಮ್ಮ ಆಚಾರ್ಯರು ಎಷ್ಟು ಕಠಿಣವಾಗಿ ಕೇಳಿದ್ದರೆಂಬುದು ಇಲ್ಲಿ ನೆನಪಾಗುತ್ತದೆ. ಸಮಂತಭದ್ರರ ‘ಆಪ್ತಮೀಮಾಂಸೆ’ ತೊಡಗುವುದೇ ಜಿನನನ್ನು ಪರೀಕ್ಷೆಗೆ ಒಡ್ಡುವುದರಿಂದ. ದೇವತೆಗಳು ಬರುವುದು, ಆಕಾಶಗಮನ, ಚಾಮರ ಇತ್ಯಾದಿ ವೈಭವಗಳು ಮಾಯಾವಿಗಳಲ್ಲಿಯೂ ಕಾಣುವುದರಿಂದ ಅವುಗಳಿಂದಲೇ ನೀನು ನಮಗೆ ದೊಡ್ಡವನಲ್ಲ ಎಂಬುದು ಅಲ್ಲಿನ ಮೊದಲ ಮಾತಿನ ಭಾವ. ದೋಷವಿಲ್ಲದಿರುವುದು, ಮಾತು ಯುಕ್ತಿಗೂ ಆಗಮಕ್ಕೂ ವಿರೋಧವಾಗದಿರುವುದು, ಇವು ಆಪ್ತನ ಲಕ್ಷಣ. (ಸಮಂತಭದ್ರರೇ ಭಸ್ಮಕ ರೋಗದಿಂದ ಬಳಲಿದರೆಂದು ಐತಿಹ್ಯವಿದೆ. ವೈದ್ಯರ ಭರವಸೆಗಳನ್ನು ಅವರೂ ಸಾಕಷ್ಟು ಕೇಳಿರಬೇಕು.) ತೀರ್ಥಂಕರನಿಗೆ ಒಡ್ಡಿದ ಪರೀಕ್ಷೆಯಿಂದ ಕುದುರೆ ವೈದ್ಯನಿಗೆ ವಿನಾಯಿತಿ ಕೊಡಲು ನನಗೆ ಕಾರಣ ಕಾಣುವುದಿಲ್ಲ. ಪ್ರಾಚೀನತೆಯೂ ಒಂದು ಚಾಮರವೇ.

ಜೈನ ವೈದ್ಯರಾದರೂ ಪರಂಪರೆಯನ್ನು ಬಂದಂತೆ ಸ್ವೀಕರಿಸಿದವರಲ್ಲ. ಉಗ್ರಾದಿತ್ಯಾಚಾರ್ಯರು ತಮ್ಮ ‘ಕಲ್ಯಾಣಕಾರಕ’ದಲ್ಲಿ ಮಾಂಸ, ಮದ್ಯ, ಮಧುಗಳನ್ನು ಔಷಧದಿಂದ ಹೊರಗಿಟ್ಟರು. ಮಾಂಸಾಹಾರದ ನಿಷ್ಪ್ರಯೋಜಕತೆಯನ್ನು ಅಮೋಘವರ್ಷನ ಸಭೆಯಲ್ಲಿಯೇ ವಾದಿಸಿದರೆಂಬುದು ಪ್ರಸಿದ್ಧ. 12ನೆಯ ಶತಮಾನದ ಜಗದ್ದಳ ಸೋಮನಾಥನು ‘ಕರ್ಣಾಟಕ ಕಲ್ಯಾಣಕಾರಕ’ದಲ್ಲಿ ಅದೇ ನಿಲುವಿಗೆ ನಿಂತನು. ಪ್ರಾಚೀನ ಸಂಹಿತೆಗಳ ಮೇಲೆ ಕತ್ತರಿ ಆಡಿಸಬಹುದೆಂದು ಅವರು ಒಂಬತ್ತು, ಹನ್ನೆರಡನೆಯ ಶತಮಾನಗಳಲ್ಲಿಯೇ ತೀರ್ಮಾನಿಸಿದ್ದರು. ಅವರ ಹೆಸರು ಹೇಳಿಕೊಂಡು ಇಂದು ‘ಹಳೆಯದು, ಮುಟ್ಟಬೇಡಿ’ ಎನ್ನುವುದು ವಿಪರೀತ.

ಅಶ್ವಶಾಸ್ತ್ರಗಳು ಏಕೆ ಹುಟ್ಟಿದವೆಂಬುದಕ್ಕೂ ಇದರೊಡನೆ ಸಂಬಂಧವಿದೆ. 13ನೆಯ ಶತಮಾನದ ಕೊನೆಗೆ ಪಾಂಡ್ಯನಾಡನ್ನು ಕಂಡ ಮಾರ್ಕೊ ಪೋಲೊ, ಸಮುದ್ರದಾಚೆಯಿಂದ ಪ್ರತಿವರ್ಷ ತರಿಸುವ ಸಾವಿರಾರು ಕುದುರೆಗಳು ಆರೈಕೆ ಬಲ್ಲವರಿಲ್ಲದೆ ಸಾಯುತ್ತವೆ, ಬೇಯಿಸಿದ ಅನ್ನ ಮಾಂಸಗಳನ್ನು ಅವುಗಳಿಗೆ ತಿನಿಸುತ್ತಾರೆ, ವ್ಯಾಪಾರ ನಿಲ್ಲಬಾರದೆಂದು ವರ್ತಕರು ಕುದುರೆ ವೈದ್ಯರನ್ನು ಇತ್ತ ಬರಗೊಡುವುದಿಲ್ಲ ಎಂದು ಬರೆದಿದ್ದಾನೆ. ಪ್ರವಾಸಿಯ ಅತಿಶಯೋಕ್ತಿಯನ್ನು ಕಳೆದರೂ, ಪರದೇಶದ ಪ್ರಾಣಿಯನ್ನು ನಮ್ಮ ಪ್ರಾಣಿಗಳಂತೆಯೇ ಸಾಕಲು ಹೊರಟ ಅಪಾಯ ಅಲ್ಲಿ ಸ್ಪಷ್ಟ. ಅಭಿನವಚಂದ್ರ ಬರೆದದ್ದು ಅದಾಗಿ ನೂರು ವರ್ಷಗಳಿಗೆ. ಕುದುರೆಗೆ ಪ್ರತ್ಯೇಕ ಶಾಸ್ತ್ರ ಬೇಕೆಂಬ ಒಂದು ಅರಿವು ಅವನ ಗ್ರಂಥದ ಪ್ರತಿ ಯೋಗಕ್ಕಿಂತ ಬೆಲೆಯುಳ್ಳದ್ದು.

ಇನ್ನೊಂದು ತೊಡಕು ಉಳಿಯುತ್ತದೆ, ಅದು ಜೈನರಿಗೆ ಸುಲಭದ್ದಲ್ಲ. ಕಾಲು ಮುರಿದ ಕುದುರೆಗೆ ಪಶುವೈದ್ಯನು ಅನೇಕ ವೇಳೆ ದಯಾಮರಣವನ್ನು ಸೂಚಿಸುತ್ತಾನೆ. ಗ್ಲಾಂಡರ್ಸ್ ಎಂಬ ರೋಗವು ಮನುಷ್ಯರಿಗೂ ಹರಡುವಂಥದು, ಅದು ದೃಢಪಟ್ಟರೆ ಕುದುರೆಯನ್ನು ಉಳಿಸುವಂತಿಲ್ಲ. ನಾಟಿ ವೈದ್ಯನು ಸಾಮಾನ್ಯವಾಗಿ ಕೊಲ್ಲುವ ಮಾತೆತ್ತುವುದಿಲ್ಲ. ನಮ್ಮವರು ಅವನತ್ತ ಒಲಿಯುವುದಕ್ಕೆ ಇದೂ ಒಂದು ಕಾರಣ, ನನ್ನ ಮನಸ್ಸೂ ಅತ್ತ ವಾಲುತ್ತದೆ. ಮದ್ದೂರು ತಾಲ್ಲೂಕಿನದೇ ಆದ ಆತಕೂರಿನಲ್ಲಿ 10ನೆಯ ಶತಮಾನದ ನಡುವೆ ಮಣಲೆರನು ಹಂದಿಯೊಡನೆ ಕಾದಿ ಸತ್ತ ಕಾಳಿ ಎಂಬ ನಾಯಿಗೆ ಕಲ್ಲು ನಿಲ್ಲಿಸಿದನು. ಪ್ರಾಣಿಯ ಸಾವನ್ನು ಹಗುರವಾಗಿ ಕಂಡ ಸೀಮೆಯಲ್ಲ ಇದು. 1928ರಲ್ಲಿ ಸಬರಮತಿ ಆಶ್ರಮದಲ್ಲಿ ಗುಣವಾಗದೆ ಯಾತನೆಪಡುತ್ತಿದ್ದ ಕರುವಿಗೆ ಗಾಂಧೀಜಿ ಚುಚ್ಚುಮದ್ದಿನಿಂದ ಮರಣ ಕೊಡಿಸಿದಾಗ ಅವರನ್ನು ಖಂಡಿಸಿ ಬರೆದವರಲ್ಲಿ ಜೈನರು ಅನೇಕರಿದ್ದರು. ಗಾಂಧೀಜಿಯ ತೀರ್ಮಾನವನ್ನು ನಾನು ಇಂದಿಗೂ ಪೂರ್ತಿಯಾಗಿ ಒಪ್ಪಲಾರೆ. ಆದರೆ ಕೊಲ್ಲಲಾರೆನೆಂಬ ನನ್ನ ವ್ರತವನ್ನು ಉಳಿಸಿಕೊಳ್ಳಲು, ನೋವು ಕಳೆಯುವ ಮದ್ದು ಬಲ್ಲವನನ್ನು ದೂರವಿಟ್ಟು ಬರೆ ಹಾಕುವವನನ್ನು ಕರೆದರೆ, ಆ ವ್ರತದ ಬೆಲೆ ತೆರುವುದು ಕುದುರೆ. ಸಾಂಕ್ರಾಮಿಕವನ್ನು ಮುಚ್ಚಿಟ್ಟರೆ ಲಾಯದ ಹುಡುಗನೂ ತೆರುತ್ತಾನೆ.

ಈ ಗ್ರಂಥಗಳನ್ನು ಸಂಪಾದಿಸಲಿರುವ ಕಿರಿಯರಲ್ಲಿ ನನ್ನದೊಂದು ಕೋರಿಕೆ. ಪಾಠಶೋಧನೆಯ ಮೇಜಿನ ಒಂದು ಬದಿಗೆ ಕುದುರೆ ಬಲ್ಲ ಪಶುವೈದ್ಯರನ್ನೂ ಇನ್ನೊಂದು ಬದಿಗೆ ಮೂಲಿಕೆ ಬಲ್ಲವರನ್ನೂ ಕೂರಿಸಿಕೊಳ್ಳಿ. ಒಂದೇ ಸಸ್ಯದ ಹೆಸರು ಸೀಮೆಯಿಂದ ಸೀಮೆಗೆ ಬೇರೆ ಗಿಡಕ್ಕೆ ಸಲ್ಲುತ್ತದೆ, ಪ್ರಮಾಣದ ಅಂಕಿ ಲಿಪಿಕಾರನ ಕೈಯಲ್ಲಿ ಸುಲಭವಾಗಿ ಬದಲಾಗುತ್ತದೆ. ಕಾವ್ಯದಲ್ಲಿ ಒಂದಕ್ಷರ ತಪ್ಪಿದರೆ ಛಂದಸ್ಸು ಕೆಡುತ್ತದೆ. ಇಲ್ಲಿ ಪಲದ ಲೆಕ್ಕ ತಪ್ಪಿದ ಯೋಗವನ್ನು ಅಚ್ಚು ಮಾಡಿದರೆ, ಅದನ್ನು ಯಾವುದೋ ಹಳ್ಳಿಯಲ್ಲಿ ಯಾರೋ ಕಾಯಿಸುತ್ತಾರೆ.