ಕಿವಿ ಕಲಿಯಲು ಹೋಗಿ ತಲೆ ಕಲಿತೆ

ಒಂದು ಪೆನ್ಸಿಲ್ ತೆಗೆದುಕೊಂಡು ಕಾಗದದ ಮೇಲೆ ಮನುಷ್ಯನ ಮುಖವೊಂದನ್ನು ಬರೆಯಿರಿ. ಮಕ್ಕಳ ನೋಟ್‌ಬುಕ್ಕಿನ ಹಿಂದಿನ ಪುಟವಾದರೂ ಸಾಕು. ಕಣ್ಣುಗಳನ್ನು ಎಲ್ಲಿಟ್ಟಿರಿ? ಹೆಚ್ಚಿನವರು ಹಣೆಗೆ ಹತ್ತಿರ, ಬಹಳ ಮೇಲೆ ಇಡುತ್ತಾರೆ. ಈಗ ಸ್ಕೇಲ್ ಹಿಡಿದು ಕನ್ನಡಿಯ ಮುಂದೆ ನಿಂತು ನೋಡಿ. ನೆತ್ತಿಯಿಂದ ಗದ್ದದ ತುದಿಯವರೆಗಿನ ಉದ್ದದಲ್ಲಿ ನಮ್ಮ ಕಣ್ಣುಗಳಿರುವುದು ಹೆಚ್ಚುಕಡಿಮೆ ನಟ್ಟನಡುವೆ. ನಾವು ದಿನವಿಡೀ ನೋಡುವುದು ಕಣ್ಣು, ಮೂಗು, ಬಾಯಿ. ಆದ್ದರಿಂದ ಅವುಗಳ ಮೇಲಿರುವ ಅಷ್ಟು ದೊಡ್ಡ ತಲೆಬುರುಡೆ ನಮ್ಮ ಲೆಕ್ಕಕ್ಕೇ ಬರುವುದಿಲ್ಲ. ನಲವತ್ತಾರನೇ ವಯಸ್ಸಿನಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ತಲೆ ಕೆತ್ತಲು ಕಲಿಯತೊಡಗಿದಾಗ ನನಗೆ ದೊರೆತ ಮೊದಲ ಪಾಠ ಇದು.

ಇದನ್ನು ಡಿಜಿಟಲ್ ಸ್ಕಲ್ಪ್ಟಿಂಗ್ ಎನ್ನುತ್ತಾರೆ. ಪರದೆಯ ಮೇಲೆ ಒಂದು ಉಂಡೆ ಇರುತ್ತದೆ. ಜೇಡಿಮಣ್ಣಿನ ಮುದ್ದೆ ಎಂದೇ ತಿಳಿಯಿರಿ. ಮೌಸ್ ಅಥವಾ ಪೆನ್ನಿನಿಂದ ಅದನ್ನು ಎಳೆಯಬಹುದು, ಒತ್ತಬಹುದು, ಪಟ್ಟಿ ಪಟ್ಟಿಯಾಗಿ ಮಣ್ಣು ಮೆತ್ತಬಹುದು, ಉಜ್ಜಿ ನಯಗೊಳಿಸಬಹುದು. ಕೈಗೆ ಕೊಳೆಯಾಗುವುದಿಲ್ಲ. ಅನ್ನ ಉಕ್ಕುವ ಸದ್ದು ಕೇಳಿದರೆ ಎದ್ದು ಹೋಗಿ ಬರಬಹುದು, ಮಣ್ಣು ಒಣಗುವುದಿಲ್ಲ. ಗೃಹಿಣಿಯರಿಗೆ ಹೇಳಿ ಮಾಡಿಸಿದಂತಹ ಕಲೆ ಎಂದು ನನಗನಿಸುತ್ತದೆ.

ಇಷ್ಟಕ್ಕೂ ಮನೆಯೊಳಗಿರುವ ನನಗೇಕೆ ಈ ಉಸಾಬರಿ ಎಂದು ಕೇಳಬಹುದು. 2019ರಲ್ಲಿ ನನ್ನ ನಾದಿನಿಗೆ, ಅಂದರೆ ಪತಿಯ ಅಕ್ಕನಿಗೆ, ಎಡ ಕಿವಿಯ ಮೇಲೆ ಒಂದು ಹುಣ್ಣಾಯಿತು. ಅದು ಒಣಗಲೇ ಇಲ್ಲ. ಪರೀಕ್ಷಿಸಿದಾಗ ಚರ್ಮದ ಕ್ಯಾನ್ಸರ್ ಎಂದು ತಿಳಿಯಿತು. ಹೊರಕಿವಿಯನ್ನು ಪೂರ್ತಿಯಾಗಿ ತೆಗೆಯಬೇಕಾಯಿತು. ಅಲ್ಹಮ್ದುಲಿಲ್ಲಾಹ್, ಜೀವ ಉಳಿಯಿತು. ಒಳಕಿವಿಗೆ ಏನೂ ಆಗದ ಕಾರಣ ಕೇಳಿಸುವುದೂ ಉಳಿಯಿತು. ಸಮಾಧಾನ ಹೇಳಲು ಬಂದವರೆಲ್ಲರೂ ಒಂದೇ ಮಾತು ಹೇಳಿದರು. ಹೇಗೂ ಶಿರವಸ್ತ್ರವಿದೆ, ಯಾರಿಗೆ ಕಾಣುತ್ತದೆ?

ಹೇಳಿದವರಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಆದರೆ ಕಿವಿ ಇರುವುದು ಇತರರು ನೋಡಲಿಕ್ಕಾಗಿ ಮಾತ್ರವೇ? ಅವರ ಕನ್ನಡಕ ಒಂದು ಬದಿಗೆ ಜಾರಿ ಬೀಳತೊಡಗಿತು. ಮುಸ್‌ಹಫ್ ಓದಲು ಕುಳಿತರೆ ಒಂದು ಕೈಯಲ್ಲಿ ಕನ್ನಡಕ ಹಿಡಿದುಕೊಂಡೇ ಇರಬೇಕು. 2020ರಲ್ಲಿ ಕೊರೋನಾ ಬಂತು. ಜಗತ್ತಿಗೆಲ್ಲ ಮಾಸ್ಕ್ ಬಂತು. ಮಾಸ್ಕಿನ ದಾರ ಸಿಕ್ಕಿಸಲು ಎರಡು ಕಿವಿ ಬೇಕೆಂಬುದು ನಮ್ಮ ಮನೆಯವರಿಗೆ ಹೊಳೆದದ್ದು ಆಗಲೇ. ಹಿಂದೆ ಕಟ್ಟುವಂತಹ ಮಾಸ್ಕ್‌ಗಳನ್ನು ನಾನು ಹೊಲಿದು ಕೊಟ್ಟೆ. ಒಂದು ದಿನ ಅವರು ತಲೆ ಬಾಚುತ್ತಾ, ಯಾರಿಗೂ ಕಾಣುವುದಿಲ್ಲ ಎನ್ನುತ್ತಾರೆ, ನನಗೆ ಕಾಣುತ್ತದಲ್ಲ ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

2021ರ ಕೊನೆಯಲ್ಲಿ ಒಂದು ದಂತ ವೈದ್ಯಕೀಯ ಕಾಲೇಜಿನ ಕೃತಕ ಅಂಗ ವಿಭಾಗಕ್ಕೆ ಹೋದೆವು. ಹಲ್ಲಿನ ಕಾಲೇಜಿನಲ್ಲಿ ಕಿವಿಯೇ ಎಂದು ಅಚ್ಚರಿಯಾಗಬಹುದು. ಹಲ್ಲಿನ ಸೆಟ್ ಮಾಡುವ ವಿದ್ಯೆಯನ್ನೇ ಮುಂದುವರಿಸಿ ಮುಖದ ಇತರ ಭಾಗಗಳನ್ನೂ ಮಾಡುವ ಪರಿಣತರು ಅಲ್ಲಿರುತ್ತಾರೆ. ಅಲ್ಲಿನ ತರುಣಿಯೊಬ್ಬಳು ನಾದಿನಿಯ ಸಿ.ಟಿ. ಸ್ಕ್ಯಾನ್ ತೆರೆದಳು. ಪರದೆಯ ಮೇಲೆ ಅವರ ತಲೆ ತಿರುಗತೊಡಗಿತು. ಆಕೆ ಬಲ ಕಿವಿಯನ್ನು ಬೇರ್ಪಡಿಸಿ, ಕನ್ನಡಿಯಲ್ಲಿ ಕಾಣುವಂತೆ ತಿರುಗಿಸಿ, ಎಡಗಡೆಗೆ ಒಯ್ದಿಟ್ಟಳು. ಎಲ್ಲ ಮುಗಿಯಿತು ಎಂದುಕೊಂಡೆ. ಆಕೆ ನಕ್ಕಳು. ಕೆಲಸ ಈಗ ಶುರು ಆಂಟೀ ಎಂದಳು. ಕಿವಿಯ ಅಂಚು ಚರ್ಮಕ್ಕೆ ಹೊಂದಬೇಕು, ಕೋನ ಸರಿಯಾಗಬೇಕು, ಬದಿಯಿಂದಲೂ ಹಿಂದಿನಿಂದಲೂ ನೋಡಬೇಕು. ಅದಕ್ಕೆಲ್ಲ ಕೆತ್ತನೆ ಗೊತ್ತಿರಬೇಕು. ನಾನೂ ಕಲಿಯಬಹುದೇ ಎಂದು ಸುಮ್ಮನೆ ಕೇಳಿದೆ. ಕಲಿಯಬಹುದು, ಆದರೆ ಮೊದಲು ತಲೆ ಕಲಿಯಿರಿ, ಕಿವಿ ಆಮೇಲೆ ಎಂದಳು.

ಮಗ ಇಂಜಿನಿಯರಿಂಗ್ ಮುಗಿಸಿ ಹೋಗುವಾಗ ಬಿಟ್ಟುಹೋದ ಲ್ಯಾಪ್‌ಟಾಪ್ ಮನೆಯಲ್ಲಿತ್ತು. ಅದಕ್ಕೆ ಬ್ಲೆಂಡರ್ ಎಂಬ ತಂತ್ರಾಂಶ ಹಾಕಿಕೊಂಡೆ. ಇದು ಪೂರ್ತಿ ಉಚಿತ. ಇದನ್ನು ನಡೆಸುತ್ತಿದ್ದ ನೆದರ್‌ಲ್ಯಾಂಡ್ಸಿನ ಕಂಪೆನಿ ಮುಚ್ಚಿಹೋದಾಗ, 2002ರಲ್ಲಿ, ಬಳಕೆದಾರರೇ ಕೈಯಿಂದ ಹಣ ಹಾಕಿ ಏಳು ವಾರಗಳಲ್ಲಿ ಒಂದು ಲಕ್ಷ ಯೂರೋ ಕೂಡಿಸಿ, ತಂತ್ರಾಂಶವನ್ನು ಎಲ್ಲರಿಗೂ ಮುಕ್ತಗೊಳಿಸಿದರು. ಯಾರೋ ಕೊಟ್ಟ ಹಣದ ಫಲ ಇಪ್ಪತ್ತು ವರ್ಷಗಳ ಬಳಿಕ ನನ್ನ ಊಟದ ಮೇಜಿನ ಮೇಲಿತ್ತು.

ಮನೆಯಲ್ಲಿ ಪ್ರಶ್ನೆ ಎದ್ದೇ ಎದ್ದಿತು. ಉಮ್ಮ ಪರದೆಯನ್ನು ನೋಡಿ, ಮನುಷ್ಯನ ರೂಪ ಮಾಡುತ್ತೀಯಾ ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಜೀವಿಗಳ ಮೂರ್ತಿ ಮಾಡುವುದು ನಿಷಿದ್ಧವೆಂದು ಬಹುಪಾಲು ವಿದ್ವಾಂಸರು ಹೇಳುತ್ತಾರೆ. ನೆರಳು ಬೀಳದ ಚಿತ್ರಗಳ ವಿಷಯದಲ್ಲಿ, ಅದರಲ್ಲೂ ಪರದೆಯ ಮೇಲಿನ ರೂಪಗಳ ವಿಷಯದಲ್ಲಿ ಅವರಲ್ಲಿ ಭಿನ್ನಾಭಿಪ್ರಾಯವಿದೆ. ಹಝ್ರತ್ ಆಯಿಶಾ(ರ) ಬಾಲ್ಯದಲ್ಲಿ ಗೊಂಬೆಗಳೊಂದಿಗೆ ಆಡುತ್ತಿದ್ದರೆಂಬುದೂ ಹದೀಸ್ ಗ್ರಂಥಗಳಲ್ಲಿದೆ. ನಾನು ಪರಿಚಯದ ಉಸ್ತಾದರೊಬ್ಬರಲ್ಲಿ ವಿಚಾರಿಸಿದೆ. ಚಿಕಿತ್ಸೆಗಾಗಿ ಅಂಗವೊಂದನ್ನು ಮಾಡುವುದರಲ್ಲಿ ತೊಂದರೆಯಿಲ್ಲ ಎಂದರು. ತಲೆಯ ಕುರಿತು, ಕಲಿಕೆ ಮುಗಿದ ಮೇಲೆ ಅದನ್ನು ಅಲಂಕಾರಕ್ಕಿಡಬೇಡ ಎಂದರು. ನನಗೂ ಅಲಂಕಾರಕ್ಕೆ ತಲೆ ಬೇಕಿರಲಿಲ್ಲ. ಪ್ರತಿ ತಲೆಯನ್ನೂ ಕಲಿತಾದ ಮೇಲೆ ಅಳಿಸಿಬಿಡುತ್ತೇನೆ. ಇದು ನನ್ನ ಮಟ್ಟಿಗಿನ ಮಾತು, ಇತರರಿಗೆ ತೀರ್ಪು ಹೇಳಲು ನಾನು ಯಾರು? ಉಮ್ಮ ಪೂರ್ತಿ ಒಪ್ಪಿದ್ದಾರೆಂದು ಹೇಳಲಾರೆ. ಆದರೆ ಈಗ ಪಕ್ಕದಲ್ಲಿ ಕುಳಿತು, ಮೂಗು ಸ್ವಲ್ಪ ದಪ್ಪವಾಯಿತು ಎನ್ನುತ್ತಾರೆ.

ಕಲಿಕೆಯ ವಿಷಯಕ್ಕೆ ಬರೋಣ. ಹೊಸಬರಿಗೆ ಕೈ ಮೊದಲು ಓಡುವುದು ರೆಪ್ಪೆಗೂದಲಿಗೆ, ತುಟಿಯ ಗೆರೆಗೆ, ಚರ್ಮದ ರಂಧ್ರಗಳಿಗೆ. ಕಲಿಸುವವರು ಅದನ್ನೇ ತಡೆಯುತ್ತಾರೆ. ಮೊದಲು ಬುರುಡೆ. ಉಂಡೆಯ ಎರಡೂ ಬದಿಗಳನ್ನು ಸ್ವಲ್ಪ ಚಪ್ಪಟೆ ಮಾಡಬೇಕು. ಬದಿಯಿಂದ ನೋಡಿದರೆ ತಲೆ ಹಿಂದಕ್ಕೆ ಉದ್ದವಾಗಿರಬೇಕು. ಆಮೇಲೆ ದವಡೆಯನ್ನು ಕೆಳಕ್ಕೆ ಎಳೆಯಬೇಕು. ಕತ್ತು ನೇರವಾದ ಕಂಬವಲ್ಲ, ಅದು ಓರೆಯಾಗಿ ಮುಂದಕ್ಕೆ ಬರುತ್ತದೆ. ಕಣ್ಣೆಂದರೆ ಮುಖದ ಮೇಲೆ ಅಂಟಿಸಿದ ಬಾದಾಮಿಯಲ್ಲ. ಸುಮಾರು 24 ಮಿಲಿಮೀಟರ್ ಅಡ್ಡಳತೆಯ ಒಂದು ಗೋಲಿಯನ್ನು ಗುಳಿಯೊಳಗಿಟ್ಟು, ಅದರ ಮೇಲೆ ಹಾಸಿದ ಬಟ್ಟೆಯಂತೆ ರೆಪ್ಪೆಗಳನ್ನು ಹೊದಿಸಬೇಕು. ಇದನ್ನು ತಿಳಿದ ದಿನ ನಾನು ಮನೆಯವರೆಲ್ಲರ ಕಣ್ಣುಗಳನ್ನು ಹತ್ತಿರದಿಂದ ದಿಟ್ಟಿಸಿ ಬೈಸಿಕೊಂಡೆ.

ಬಾಯಿಯೂ ಹಾಗೆಯೇ. ಹಲ್ಲಿನ ಸಾಲು ಕುದುರೆಲಾಳದಂತೆ ಬಾಗಿರುವುದರಿಂದ ತುಟಿಗಳು ಆ ಬಾಗಿನ ಮೇಲೆ ಕುಳಿತಿರುತ್ತವೆ. ಮೇಲಿನಿಂದ ನೋಡಿದಾಗಲೇ ಅದು ತಿಳಿಯುವುದು. ವಯಸ್ಸಾಗಿ ಹಲ್ಲು ಉದುರಿದಾಗ ಹಲ್ಲು ಹಿಡಿದಿದ್ದ ಎಲುಬೂ ಕರಗುತ್ತಾ ಹೋಗುತ್ತದೆ, ಮೂಗು ಮತ್ತು ಗದ್ದ ಒಂದಕ್ಕೊಂದು ಹತ್ತಿರವಾಗುತ್ತವೆ. ಉಮ್ಮ ರಾತ್ರಿ ಹಲ್ಲಿನ ಸೆಟ್ ತೆಗೆದಿಟ್ಟಾಗ ಅವರ ಮುಖ ನನ್ನ ಅಜ್ಜಿಯದ್ದಾಗುವುದೇಕೆಂದು ಈಗ ಅರ್ಥವಾಗುತ್ತದೆ. ಮಗುವಿನ ತಲೆ ಇದಕ್ಕೆ ವಿರುದ್ಧ. ಬುರುಡೆ ದೊಡ್ಡದು, ಮುಖ ಪುಟ್ಟದು, ಕಣ್ಣುಗಳು ಅರ್ಧಕ್ಕಿಂತ ಕೆಳಗೆ.

ಕೆಳದವಡೆಯ ಬಗ್ಗೆ ಓದುತ್ತಿದ್ದಾಗ ಒಂದು ಹೆಸರು ಸಿಕ್ಕಿತು. ಅಬ್ದುಲ್ಲತೀಫ್ ಅಲ್ ಬಗ್ದಾದಿ, 1162ರಲ್ಲಿ ಬಗ್ದಾದಿನಲ್ಲಿ ಹುಟ್ಟಿದ ವೈದ್ಯ. 1200ರ ಸುಮಾರಿಗೆ ಅವರು ಈಜಿಪ್ಟಿನಲ್ಲಿದ್ದಾಗ ನೈಲ್ ನದಿ ಸಾಕಷ್ಟು ಉಕ್ಕದೆ ಭೀಕರ ಕ್ಷಾಮ ಬಂತು. ಸತ್ತವರನ್ನು ಹೂಳುವವರಿಲ್ಲದೆ ಕೈರೋ ಬಳಿಯ ಅಲ್ ಮಕ್ಸ್ ಎಂಬಲ್ಲಿ ಎಲುಬುಗಳ ರಾಶಿಯೇ ಇತ್ತು. ಗ್ರೀಕ್ ವೈದ್ಯ ಗ್ಯಾಲನ್, ಕೆಳದವಡೆ ಎರಡು ಎಲುಬುಗಳಿಂದ ಕೂಡಿದೆ ಎಂದು ಬರೆದಿದ್ದನು. ಸಾವಿರ ವರ್ಷ ಎಲ್ಲರೂ ಅದನ್ನೇ ಹೇಳುತ್ತಾ ಬಂದಿದ್ದರು. ಬಗ್ದಾದಿಯವರು 2000ಕ್ಕೂ ಹೆಚ್ಚು ತಲೆಬುರುಡೆಗಳನ್ನು ನೋಡಿ, ದವಡೆಯಲ್ಲಿ ಜೋಡಣೆಯ ಗುರುತೇ ಇಲ್ಲ, ಅದು ಒಂದೇ ಎಲುಬು ಎಂದು ಬರೆದರು. ಗ್ಯಾಲನ್ ಎಷ್ಟೇ ದೊಡ್ಡವನಾಗಿದ್ದರೂ ಕಣ್ಣಿನ ಸಾಕ್ಷ್ಯ ಅವನಿಗಿಂತ ದೊಡ್ಡದೆಂಬುದು ಅವರ ನಿಲುವಾಗಿತ್ತು. ಯುರೋಪಿನಲ್ಲಿ ವೆಸಾಲಿಯಸ್ ಇದನ್ನೇ ಹೇಳಿದ್ದು 1543ರಲ್ಲಿ. ದವಡೆ ಎಳೆಯುವಾಗಲೆಲ್ಲ ಆ ಮನುಷ್ಯ ನನಗೆ ನೆನಪಾಗುತ್ತಾರೆ. ಅಂತಹ ದುರಂತದ ನಡುವೆಯೂ ಒಬ್ಬನು ಬಗ್ಗಿ ನೋಡಿ ಕಲಿತನಲ್ಲ.

ಇನ್ನೊಂದು ಕೆಲಸದ ವಿಷಯ. ಮೊಬೈಲ್ ಸೆಲ್ಫಿ ನೋಡಿ ತಲೆ ಕೆತ್ತಬಾರದು. ಹತ್ತಿರದ ಕ್ಯಾಮೆರಾ ಮೂಗನ್ನು ದೊಡ್ಡದು ಮಾಡಿ, ಕಿವಿಯನ್ನು ಹಿಂದಕ್ಕೆ ತಳ್ಳುತ್ತದೆ. 12 ಇಂಚು ದೂರದಿಂದ ತೆಗೆದರೆ ಮೂಗು ಸುಮಾರು 30 ಶೇಕಡಾ ಹೆಚ್ಚು ಅಗಲವಾಗಿ ಕಾಣುತ್ತದೆಂದು 2018ರಲ್ಲಿ ಅಮೆರಿಕದ ವೈದ್ಯರು ಲೆಕ್ಕ ಹಾಕಿದ್ದಾರೆ. ತಮ್ಮ ಮೂಗಿನ ಬಗ್ಗೆ ಕೊರಗುವ ಹೆಣ್ಣುಮಕ್ಕಳಿಗೆ ಇದನ್ನು ಯಾರಾದರೂ ಹೇಳಬೇಕು.

ಈ ಕಲೆಗೆ ಹಳೆಯ ನಂಟೊಂದಿದೆ. ಮೊದಲ ಮಹಾಯುದ್ಧದಲ್ಲಿ ಗುಂಡು, ಸಿಡಿಚೂರುಗಳಿಂದ ಸಾವಿರಾರು ಸೈನಿಕರ ಮುಖಗಳು ಛಿದ್ರಗೊಂಡವು. ಮನೆಗೆ ಮರಳಲು ಅಂಜುತ್ತಿದ್ದವರೂ ಇದ್ದರು. ಆನ್ನಾ ಕೋಲ್ಮನ್ ಲ್ಯಾಡ್ ಎಂಬ ಅಮೆರಿಕದ ಶಿಲ್ಪಿ ಪ್ಯಾರಿಸ್‌ನಲ್ಲಿ ಒಂದು ಕಾರ್ಯಾಗಾರ ತೆರೆದರು. ಮುಖದ ಅಚ್ಚು ತೆಗೆದು, ಯುದ್ಧಕ್ಕೆ ಮೊದಲಿನ ಫೋಟೋ ನೋಡಿ ಕಳೆದುಹೋದ ಭಾಗವನ್ನು ಕೆತ್ತಿ, ತೆಳ್ಳನೆಯ ತಾಮ್ರದ ಮುಖವಾಡ ಮಾಡುತ್ತಿದ್ದರು. ಅದನ್ನು ಸೈನಿಕ ತೊಟ್ಟಿರುವಾಗಲೇ ಅವನ ಮೈಬಣ್ಣಕ್ಕೆ ಸರಿಯಾಗಿ ಬಣ್ಣ ಹಚ್ಚುತ್ತಿದ್ದರು. ಕನ್ನಡಕದ ಕಡ್ಡಿಯೇ ಅದಕ್ಕೆ ಆಧಾರ. ನಾದಿನಿಗೆ ಇದನ್ನು ಹೇಳಿದಾಗ, ಅವರಿಗೆ ಕನ್ನಡಕ ಸಿಕ್ಕಿಸಲು ಕಿವಿಯಾದರೂ ಇತ್ತು ಎಂದು ನಕ್ಕರು.

ಕಿವಿಗೆ ನಾನು ತಲುಪಿದ್ದು ಸುಮಾರು ಒಂದು ವರ್ಷದ ನಂತರ. ಮನುಷ್ಯನ ದೇಹದಲ್ಲಿ ಇಷ್ಟು ಅಂಕುಡೊಂಕಾದ ಭಾಗ ಇನ್ನೊಂದಿಲ್ಲ. ಹೀಲಿಕ್ಸ್ ಎನ್ನುವ ಹೊರ ಅಂಚು ಕಿವಿಯ ಬಟ್ಟಲಿನೊಳಗಿಂದ ಹೊರಟು ಪ್ರಶ್ನಾರ್ಥಕ ಚಿಹ್ನೆಯಂತೆ ಸುತ್ತಿ ಬರುತ್ತದೆ. ಒಳಗಿನ ದಿಂಡು ಮೇಲ್ಗಡೆ ಕವಲೊಡೆಯುತ್ತದೆ. ಕೇಳುವ ರಂಧ್ರದ ಮುಂದೆ ಕಾವಲುಗಾರನಂತೆ ಒಂದು ಪುಟ್ಟ ಉಬ್ಬು, ಕೆಳಗೆ ಎಲುಬಾಗಲಿ ಮೆದುವೆಲುಬಾಗಲಿ ಇಲ್ಲದ ಹಾಲೆ. ಇಡೀ ಕಿವಿ ಸ್ವಲ್ಪ ಹಿಂದಕ್ಕೆ ವಾಲಿರುತ್ತದೆ. ಹುಬ್ಬಿನಿಂದ ಮೂಗಿನ ಬುಡದವರೆಗೆ ಎಷ್ಟೋ ಹೆಚ್ಚುಕಡಿಮೆ ಅಷ್ಟೇ ಅದರ ಉದ್ದ. ಮೊದಲು ತಲೆ ಕಲಿ ಎಂದು ಆ ತರುಣಿ ಹೇಳಿದ್ದರ ಅರ್ಥ ಇಲ್ಲಿ ತಿಳಿಯಿತು. ಹುಬ್ಬು, ಮೂಗು, ದವಡೆಯ ಮೂಲೆ ಎಲ್ಲಿವೆಯೆಂದು ತಿಳಿಯದವನಿಗೆ ಕಿವಿ ಎಲ್ಲಿ ಕುಳಿತುಕೊಳ್ಳಬೇಕೆಂದು ತಿಳಿಯುವುದಿಲ್ಲ.

ತಂತ್ರಾಂಶದಲ್ಲಿ ಒಂದು ಬದಿಗೆ ಮಾಡಿದ್ದು ತಾನಾಗಿ ಇನ್ನೊಂದು ಬದಿಗೂ ಬರುವ ಸೌಲಭ್ಯವಿದೆ. ಅದನ್ನು ಕೊನೆಯವರೆಗೂ ಬಿಟ್ಟರೆ ಮುಖ ನಿರ್ಜೀವವಾಗುತ್ತದೆ. ಅಲ್ಲಾಹನು ಯಾರ ಮುಖದ ಎರಡು ಬದಿಗಳನ್ನೂ ಒಂದೇ ಅಚ್ಚಿನಲ್ಲಿ ಸೃಷ್ಟಿಸಿಲ್ಲ. ಒಂದು ಹುಬ್ಬು ತುಸು ಮೇಲೆ, ಒಂದು ಕಿವಿ ತುಸು ಕೆಳಗೆ. ಆದ್ದರಿಂದಲೇ ಕನ್ನಡಿಯಲ್ಲಿ ತಿರುಗಿಸಿದ ಬಲ ಕಿವಿಯನ್ನು ಎಡಕ್ಕೆ ಹಾಗೆಯೇ ಅಂಟಿಸಿದರೆ ಸಾಲದು.

ಸಿಲಿಕೋನ್ ಕಿವಿ ಶಾಶ್ವತವಲ್ಲ. ಅಂಟು, ಬೆವರು, ಬಿಸಿಲಿನಿಂದ ಒಂದೆರಡು ವರ್ಷಗಳಲ್ಲಿ ಬಣ್ಣ ಕೆಡುತ್ತದೆ, ತೆಳ್ಳನೆಯ ಅಂಚು ಹರಿಯುತ್ತದೆ. ನಾದಿನಿಗೆ ಈಗ ಮೂರನೆಯದು ಬೇಕಾಗಿದೆ. ಈ ಬಾರಿ ಕೆತ್ತನೆಯ ಮೊದಲ ಹಂತವನ್ನು ನೀವೇ ಮಾಡಿ ತನ್ನಿ, ನೋಡೋಣ ಎಂದು ವಿಭಾಗದ ವೈದ್ಯೆ ಹೇಳಿದರು. ಮೂರು ವಾರ ಇಶಾ ನಮಾಝಿನ ಬಳಿಕ ಕುಳಿತು ಮಾಡಿದೆ. ಅವರು ಕಡತವನ್ನು ತೆರೆದು, ಮುಂದಿನಿಂದ ನೋಡದೆ, ಮೊದಲು ಕೆಳಗಿನಿಂದ ತಿರುಗಿಸಿ ನೋಡಿದರು. ಕೋನ ಚೆನ್ನಾಗಿದೆ ಎಂದರು. ಬಲ ಕಿವಿಯನ್ನು ಹೊಸದಾಗಿ ಅಳೆದು, ಹಾಲೆಯನ್ನು ಸ್ವಲ್ಪ ಉದ್ದ ಮಾಡಲು ಹೇಳಿದರು. ಸ್ಕ್ಯಾನ್ 2019ರದ್ದು, ವಯಸ್ಸಾದಂತೆ ಕಿವಿ ಉದ್ದವಾಗುತ್ತದೆ. ಬ್ರಿಟನ್ನಿನಲ್ಲಿ 1995ರಲ್ಲಿ ಅಳೆದು ನೋಡಿದಾಗ ವರ್ಷಕ್ಕೆ ಸರಾಸರಿ 0.22 ಮಿಲಿಮೀಟರ್ ಎಂದು ಕಂಡುಬಂದಿತ್ತಂತೆ.

ನಾದಿನಿಯದ್ದು ಒಂದೇ ಬೇಡಿಕೆ, ಓಲೆಗೆ ರಂಧ್ರವಿರಬೇಕು. ನಮ್ಮ ಅಜ್ಜಿಯಂದಿರು ಕಿವಿಯ ಅಂಚಿನುದ್ದಕ್ಕೂ ಅಲಿಕತ್ತು ತೊಡುತ್ತಿದ್ದರು, ನಾನು ಕೇಳುವುದು ಒಂದೇ ಒಂದು ಎಂದು ವಾದ ಬೇರೆ. ಭಾರದ ಓಲೆಯಾದರೆ ಸಿಲಿಕೋನ್ ಹರಿಯುತ್ತದೆ ಎಂದು ವೈದ್ಯೆ ಹೇಳಿದ್ದಾರೆ. ಹಗುರವಾದ ಒಂದು ಜೊತೆ ಓಲೆಯನ್ನು ಅವರು ಆಗಲೇ ಕೊಂಡು ತಂದು, ಒಂದನ್ನು ಬಲ ಕಿವಿಗೆ ಹಾಕಿಕೊಂಡು, ಇನ್ನೊಂದನ್ನು ನನ್ನ ಲ್ಯಾಪ್‌ಟಾಪಿನ ಪಕ್ಕ ಡಬ್ಬಿಯಲ್ಲಿಟ್ಟು ಹೋಗಿದ್ದಾರೆ. ಇವತ್ತು ಹಾಲೆಯನ್ನು ಮತ್ತೆ ಒಂದು ಮಿಲಿಮೀಟರ್ ಕೆಳಗೆಳೆದೆ.