ಪುಣೆಗೆ ಬಂದವರಿಗೆ ನಾಲ್ಕೇ ಜಾಗ

"ಶನಿವಾರ ಪುಣೆಗೆ ಬರ್ತಿದ್ದೀವಿ, ಒಂದು ದಿನದಲ್ಲಿ ಏನೇನು ನೋಡಬಹುದು?" ಹದಿಮೂರು ವರ್ಷದಿಂದ ಇಲ್ಲಿರುವ ನನಗೆ ತಿಂಗಳಿಗೊಮ್ಮೆಯಾದರೂ ಇಂಥ ಫೋನ್ ಬರುತ್ತದೆ. ಐಟಿಯವನಲ್ಲವೇ, ಅದಕ್ಕೊಂದು ಎಕ್ಸೆಲ್ ಶೀಟನ್ನೇ ಮಾಡಿಟ್ಟಿದ್ದೆ. ಹನ್ನೊಂದು ಜಾಗ, ಪ್ರತಿಯೊಂದಕ್ಕೂ ನಿಮಿಷದ ಲೆಕ್ಕ. ಕಳೆದ ನವೆಂಬರಿನಲ್ಲಿ ಅಪ್ಪ ಬಂದುಹೋದ ಮೇಲೆ ಆ ಪಟ್ಟಿ ನಾಲ್ಕಕ್ಕೆ ಇಳಿದಿದೆ.

ಅಪ್ಪ ಸಾಗರದ ಕಡೆಯ ಅಡಿಕೆ ತೋಟದವರು. ಅಮ್ಮ ತೀರಿಕೊಂಡ ಮೇಲೆ ಒಬ್ಬರೇ ಇದ್ದಾರೆ. ಊರು ತೋರಿಸಿ, ಹಿಡಿಸಿದರೆ ಇಲ್ಲೇ ಇರಿಸಿಕೊಳ್ಳಬೇಕೆಂಬುದು ನನ್ನ ಒಳಲೆಕ್ಕ.

ಬೆಳಿಗ್ಗೆ ಮೊದಲು ಜಂಗ್ಲಿ ಮಹಾರಾಜ್ ರಸ್ತೆಯ ಪಾತಾಳೇಶ್ವರಕ್ಕೆ ಹೋದೆವು. ರಿಕ್ಷಾಗಳ ಗದ್ದಲದ ಪಕ್ಕದಲ್ಲೇ 8ನೇ ಶತಮಾನದ ಗುಹಾದೇವಾಲಯ, ನಮ್ಮ ರಾಷ್ಟ್ರಕೂಟರ ಕಾಲದ್ದು. ದುಂಡನೆಯ ನಂದಿಮಂಟಪಕ್ಕೆ ಒಂದು ಸುತ್ತು ಬಂದ ಅಪ್ಪ, "ಇದು ಕಟ್ಟಿದ್ದಲ್ಲ, ಕೊರೆದದ್ದು" ಎಂದರು.

ತಿಂಡಿಗೆ ಫರ್ಗ್ಯುಸನ್ ಕಾಲೇಜ್ ರಸ್ತೆಯ ವೈಶಾಲಿ. ಉಡುಪಿ ಕಡೆಯಿಂದ ಬಂದ ಜಗನ್ನಾಥ ಶೆಟ್ಟರು ಬೆಳೆಸಿದ ಹೋಟೆಲು. ವಾರಾಂತ್ಯದಲ್ಲಿ ಸರದಿ ಉದ್ದ ಇರುತ್ತದೆ, ಬೇಗ ಹೋಗಿ. ದೋಸೆ ಊರಲ್ಲೂ ಸಿಗುತ್ತದೆ. ಇಲ್ಲಿ ಎಸ್‌ಪಿಡಿಪಿ ತಿನ್ನಿ, ಅಂದರೆ ಸೇವ್, ಆಲೂ, ಮೊಸರು ಹಾಕಿದ ಪೂರಿ. ಅಪ್ಪ ಮಾತ್ರ ಇಡ್ಲಿಯನ್ನೇ ತಿಂದರು. ಕಾಫಿಗೆ ಮಾರ್ಕ್ ಕೊಟ್ಟರು.

ಆಮೇಲೆ ಶುಕ್ರವಾರ ಪೇಠೆಯ ರಾಜಾ ದಿನಕರ ಕೇಳ್ಕರ್ ಮ್ಯೂಸಿಯಂ. ಸಣ್ಣ ವಯಸ್ಸಿನಲ್ಲೇ ತೀರಿಕೊಂಡ ಮಗ ರಾಜಾನ ನೆನಪಿಗೆ ದಿನಕರ ಕೇಳ್ಕರ್ ಅವರು ಊರೂರು ಸುತ್ತಿ ಕೂಡಿಸಿದ ದೀಪ, ಪಾತ್ರೆ, ವಾದ್ಯಗಳು ಇಲ್ಲಿವೆ. ನನ್ನ ಶೀಟಿನಲ್ಲಿ ಇದಕ್ಕೆ ಅರ್ಧ ಗಂಟೆ. ಅಪ್ಪ ಅಡಕತ್ತರಿಗಳ ಮುಂದೆಯೇ ಅಷ್ಟು ಹೊತ್ತು ನಿಂತರು. ಹಿತ್ತಾಳೆಯವು, ಚಿತ್ತಾರದವು. "ಇದು ಅಲಂಕಾರಕ್ಕೆ, ಇದರಲ್ಲಿ ಹೋಳು ಸರಿಯಾಗಿ ಬರೋದಿಲ್ಲ" ಎಂದು ಒಂದೊಂದಕ್ಕೂ ತೀರ್ಪು ಕೊಡುತ್ತಾ ಹೋದರು. ಅಮ್ಮ ಹೋದ ಮೇಲೆ ಅವರು ಅಷ್ಟೊಂದು ಮಾತಾಡಿದ್ದು ಅವತ್ತೇ. ಶನಿವಾರವಾಡೆಗೆ ಸಮಯ ಉಳಿಯಲಿಲ್ಲ, ಬಿಟ್ಟೆ.

ಮಧ್ಯಾಹ್ನ ಪೇಠೆಗಳ ಎಷ್ಟೋ ಅಂಗಡಿಗಳು ಬಾಗಿಲು ಹಾಕಿಕೊಳ್ಳುತ್ತವೆ. ಬಾಕರವಡಿ ಬೇಕಿದ್ದರೆ ಬೆಳಿಗ್ಗೆಯೇ ಕೊಂಡುಬಿಡಿ. ಸದಾಶಿವ ಪೇಠೆಯಲ್ಲಿ ಮಾವಿನ ಮಸ್ತಾನಿ ಕುಡಿಯಿರಿ. ದಪ್ಪ ಹಾಲು, ಮೇಲೆ ಐಸ್‌ಕ್ರೀಮು. ಒಂದು ಲೋಟ ಇಬ್ಬರಿಗೆ ಸಾಕು.

ಕೊನೆಗೆ ಆಗಾ ಖಾನ್ ಅರಮನೆ. ಸಂಜೆ ಬೇಗ ಮುಚ್ಚುತ್ತದೆ, ನಾಲ್ಕಕ್ಕೆಲ್ಲ ಅಲ್ಲಿರಿ. 1942ರಲ್ಲಿ ಗಾಂಧೀಜಿ, ಕಸ್ತೂರಬಾ, ಮಹಾದೇವ ದೇಸಾಯಿಯವರನ್ನು ಬಂಧಿಸಿಟ್ಟಿದ್ದು ಇಲ್ಲೇ. ದೇಸಾಯಿಯವರು ಅದೇ ವರ್ಷ, ಬಾ 1944ರ ಫೆಬ್ರವರಿ 22ರಂದು ಇಲ್ಲೇ ತೀರಿಕೊಂಡರು. ಹಿಂದಿನ ತೋಟದಲ್ಲಿ ಇಬ್ಬರ ಸಮಾಧಿಗಳಿವೆ.

"ಎಷ್ಟು ವರ್ಷ ಸಂಸಾರ ಮಾಡಿದ್ರು?" ಅಪ್ಪ ಕೇಳಿದರು.

"ಅರವತ್ತರ ಮೇಲೆ."

"ನಮ್ಮದು ನಲವತ್ತೊಂದು" ಎಂದು ಅಲ್ಲೇ ಕುಳಿತರು. ನಾನೂ ಕುಳಿತೆ. ಫೋನ್ ತೆಗೆದು ಮುಂದಿನ ಜಾಗ ನೋಡಬೇಕೆನಿಸಲಿಲ್ಲ.

ರಾತ್ರಿ ಊಟವಾದ ಮೇಲೆ ನಾನು ಕೇಳುವ ಮೊದಲೇ ಹೇಳಿದರು: "ಊರು ಚೆನ್ನಾಗಿದೆ. ಆದ್ರೆ ಕೊನೆಕೊಯ್ಲಿಗೆ ನಾನು ತೋಟದಲ್ಲಿ ಇರಬೇಕು." ಮರುದಿನ ಬಸ್ ಹತ್ತಿಸಿದೆ.

ಈಗ ಯಾರು ಕೇಳಿದರೂ ಈ ನಾಲ್ಕನ್ನೇ ಹೇಳುತ್ತೇನೆ. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಬೆಳಗಿನ ಚಳಿಗೆ ಸ್ವೆಟರ್ ಇರಲಿ. ಉಳಿದದ್ದನ್ನು ಮುಂದಿನ ಸಲಕ್ಕೆ ಬಿಡಿ. ಕೊಯ್ಲು ಮುಗಿಸಿ ಬರುತ್ತೇನೆಂದು ಅಪ್ಪ ಫೋನಿನಲ್ಲಿ ಹೇಳಿದ್ದಾರೆ. ಶನಿವಾರವಾಡೆ ಬಾಕಿ ಇದೆಯಲ್ಲ ಎಂದು ಅವರೇ ನೆನಪಿಸಿದರು.